ಮೋರಿಯ ಬಾಯಲ್ಲಿ ಹಾಸಿಗೆಗಳು

ಮಳೆ ನಿಂತು ಎಷ್ಟೋ ದಿನವಾಗಿದ್ದರೂ ದರ್ಜಿಯ ಹಿತ್ತಿಲಲ್ಲಿ ನೀರು ಏರುತ್ತಲೇ ಇತ್ತು. ಹೊಲಗಳ ನೀರು ಬಸಿದುಹೋಗಲೆಂದು ತೋಡಿದ ಕಾಲುವೆ ಬೇಲಿಯಾಚೆಗೇ ಇದೆ. ಆ ಬೆಳಿಗ್ಗೆ ಬಾವಿಕಟ್ಟೆಗೆ ಏನೋ ಅಂಟಿಕೊಂಡಿತ್ತು. ದರ್ಜಿ ಕೋಲಿನಿಂದ ಎತ್ತಿದ. ರವಿಕೆ. ತೋಳಿನ ತೇಪೆ ಅವನದೇ ಹೊಲಿಗೆ. ಅದನ್ನು ತೊಡುತ್ತಿದ್ದ ತಾಯಿ ತೀರಿಕೊಂಡು ವರ್ಷವಾಗಿತ್ತು.

"ಅಮ್ಮ ವಾಪಸ್ ಬಂದಿದ್ದಾಳೆ," ಎಂದ ಹೆಂಡತಿಗೆ. "ಪಾಪುಗೆ ಭೇದಿ ನಿಲ್ಲದೇ ಇರೋದು ಅದಕ್ಕೇ."

ಒಳಗೆ ಮಗು ಅಳುವುದನ್ನೂ ಬಿಟ್ಟಿತ್ತು. ಕಣ್ಣು ಗುಳಿಬಿದ್ದಿದ್ದವು.

ಹೆಂಡತಿ ಆರೋಗ್ಯ ಕಾರ್ಯಕರ್ತೆಯನ್ನು ಕರೆತಂದಳು. ಆಕೆ ಮಗುವಿನ ಹೊಟ್ಟೆಯ ಚರ್ಮ ಹಿಡಿದು ಬಿಟ್ಟಳು. ಅದು ಮೆಲ್ಲಗೆ ಇಳಿಯಿತು.

"ಮೈಯಲ್ಲಿ ನೀರೇ ಉಳಿದಿಲ್ಲ. ಈಗಲೇ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಈ ಓಆರ್‌ಎಸ್ ಚಮಚದಲ್ಲಿ ಕೊಡ್ತಾ ಇರಿ. ಕುದಿಸಿ ಆರಿಸಿದ ನೀರಲ್ಲೇ ಕಲಸಿದ್ದೀನಿ."

"ಅಮ್ಮನ ಸಿಟ್ಟಿಗೆ ಉಪ್ಪುನೀರು ಏನು ಮಾಡುತ್ತಕ್ಕಾ?" ಎಂದ ದರ್ಜಿ.

"ಅಮ್ಮನ ಹಾಸಿಗೆ, ಬಟ್ಟೆ ಎಲ್ಲಿ ಹಾಕಿದ್ರಿ?"

"ಎಲ್ಲರ ಹಾಗೆ, ಕಾಲುವೆಗೆ."

"ಮುಂದೆ ಹೋಯ್ತಾ ಅಂತ ನೋಡಿದ್ರಾ?"

"ತಿರುಗಿ ನೋಡಬಾರದಲ್ಲ."

"ಊರಲ್ಲಿ ಯಾರೂ ನೋಡಿಲ್ಲ. ಎಲ್ಲ ಅಲ್ಲೇ ಸಿಕ್ಕಿಕೊಂಡು ನೀರು ಹಿಂದಕ್ಕೆ ಬರ್ತಿರಬೇಕು, ಹೋಗಿ ಮೋರಿ ನೋಡಿ."

ಆಸ್ಪತ್ರೆಯಲ್ಲಿ ಮಗುವಿಗೆ ಡ್ರಿಪ್ ಹಾಕಿಸಿ, ಹೆಂಡತಿಯನ್ನು ಅಲ್ಲೇ ಬಿಟ್ಟು, ಮಾರನೆಯ ದಿನ ದರ್ಜಿ ನೆರೆಯವರೊಡನೆ ಉದ್ದನೆಯ ಕೊಕ್ಕೆ ಹಿಡಿದು ರಸ್ತೆಯ ಕೆಳಗಿನ ಮೋರಿಗೆ ಹೋದ. ನಡುಹಗಲಾದರೂ ಯಾರೂ ಜೋರಾಗಿ ಮಾತಾಡಲಿಲ್ಲ. ಮೊದಲು ದಿಂಬು ಬಂತು, ಆಮೇಲೆ ಕಂಬಳಿ. ನಂತರ ಒಂದಕ್ಕೊಂದು ಹೆಣೆದುಕೊಂಡ ಹಾಸಿಗೆಗಳು. ಹತ್ತಿ ಕೊಳೆತು ಕಪ್ಪಾಗಿದ್ದರೂ ಮಲಗಿದವರ ಅಚ್ಚು ಉಳಿದಂತಿತ್ತು. ದಂಡೆಯ ಮೇಲೆ ಸಾಲಾಗಿ ಹಾಕಿದರು.

"ಇದು ನಮ್ಮಪ್ಪಂದು," ಎಂದ ಹಾಲಿನವನು, ಪಿಸುದನಿಯಲ್ಲಿ.

"ಒಬ್ರೂ ಊರು ಬಿಟ್ಟಿಲ್ಲ ನೋಡಿ," ಎಂದ ಕ್ಷೌರಿಕ.

ಕೊನೆಯದನ್ನು ಎಳೆದಾಗ ಮೋರಿ ದೀರ್ಘವಾಗಿ ಉಸಿರೆಳೆಯಿತು. ನೀರು ಹೊರಟಿತು.

ದರ್ಜಿ ಹೆಂಡತಿಗೆ ಫೋನ್ ಮಾಡಿದ. "ಅಮ್ಮ ಬಂದಿರಲಿಲ್ಲ ಕಣೇ. ಈ ಕೊಳಕೆಲ್ಲ ಬಾವಿಗೆ ಇಳೀತಿತ್ತು. ನಾವೇ ಕುಡಿಸಿದ್ವಿ. ಪಾಪು?"

"ಉಚ್ಚೆ ಹೊಯ್ದ. ಈಗ ರಂಪ ಮಾಡ್ತಿದ್ದಾನೆ, ಕೇಳಿ."

ಕೇಳಿದ. ಬಹಳ ಹೊತ್ತು ಕೇಳಿದ.

ಓದುವವರೇ, ನಿಮ್ಮ ಕಾಲುವೆಯ ಮೋರಿಯನ್ನೂ ಇವತ್ತೇ ಇಣುಕಿ ನೋಡಿ. ಸತ್ತವರ ಹಾಸಿಗೆಯಾಗಲಿ, ಇದ್ದವರ ಕಸವಾಗಲಿ ನೀರಿಗೆ ಎಸೆಯಬೇಡಿ. ಬಾವಿ, ಕಾಲುವೆಗಳಿಂದ ದೂರ ಗುಂಡಿ ತೋಡಿ ಹೂಳಿ. ನೀರನ್ನು ಕುದಿಸಿ ಕುಡಿಯಿರಿ. ಮಗುವಿಗೆ ಭೇದಿ ಶುರುವಾದ ಕೂಡಲೇ ಓಆರ್‌ಎಸ್ ಕೊಡಿ. ಕಣ್ಣು ಗುಳಿಬಿದ್ದರೆ ಯಾರ ಸಿಟ್ಟೆಂದು ಯೋಚಿಸುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.