ಮೂರನೆಯ ಬಂಡಿಯ ಕೆಳಗಿನ ಖಾನೆ

ಗಾಲಿ ಇನ್ನೂ ತಿರುಗುತ್ತಲೇ ಇದೆ, ಬೆರಳಿನಿಂದ ಒಮ್ಮೆ ಮೀಟಿದ್ದಷ್ಟೇ, ಗರಗರ ಗರಗರ, ಎಣ್ಣೆ ಜಾಸ್ತಿಯಾಯಿತೇನೋ, ಆಗಲಿ ಬಿಡು, ನಿಂತಾಗ ನಿಂತೀತು — ತಲೆಕೆಳಗಾಗಿ ಮಲಗಿಸಿದ ಬಂಡಿಯ ಮುಂದೆ ರಾಜೇಸಾಬ್ ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಾನೆ, ಇದು ಮೂರನೆಯದು, ಕೊನೆಯದು, ನಾಲ್ಕು ಮೂಲೆಗೆ ನಾಲ್ಕು ಗಾಲಿ, ಗಾಲಿಗೆ ನಾಲ್ಕರಂತೆ ಹದಿನಾರು ಸ್ಕ್ರೂ, ಬಿಗಿದದ್ದಾಯಿತು, ಎತ್ತಿ ನಿಲ್ಲಿಸಿದರೆ ಮುಗಿಯಿತು, ಎತ್ತಬೇಕು, ಎತ್ತಿದರಾಯಿತು, ಅವಸರವೇನು. ಕೌಲ್ ಬಜಾರಿನ ಈ ಮನೆಯ ಮುಂದಿನ ತಗಡಿನ ಕೋಣೆ ಇರುವುದೇ ಹತ್ತು ಅಡಿಗೆ ಹನ್ನೆರಡು, ಅದರಲ್ಲಿ ಅವನ ಬಡಗಿ ಸಾಮಾನೂ ಇರಬೇಕು, ತಮ್ಮನ ಹೆಂಡತಿ ನಿಶಾತಳ ಹೊಲಿಗೆ ಮಷಿನ್ನೂ ಕೂರಬೇಕು, ಹೆಂಗ ರೀ ಆಗ್ತೈತಿ ಅಂತ ಕೇಳಿದವಳೂ ಲಾಲಬೀ, ಉತ್ತರ ಹೇಳಿದವಳೂ ಲಾಲಬೀ, ಎಲ್ಲಾ ಗಾಲಿ ಮ್ಯಾಲೆ ಏರಿಸ್ರಿ, ಹಗಲು ನೀವು ಬೇವಿನ ಗಿಡದ ಕೆಳಗ ಕೆಲಸ ಮಾಡ್ಕೊಳ್ರಿ, ಕೋಣಿ ಅಕಿಗೆ ಬಿಡ್ರಿ, ಸಂಜಿಗೆ ಎಲ್ಲಾ ಒಳಗ ತಳ್ಳಿದ್ರ ಮುಗೀತು, ಆಸ್ಪತ್ರಿಯಾಗ ನರ್ಸಮ್ಮ ಔಷಧಿ ಬಂಡಿ ತಳ್ಕೊಂತ ಬರಂಗಿಲ್ಲೇನು. ಹೆಂಡತಿಗೆ ಬುದ್ಧಿ ಇದೆ, ಮದುವೆಯಾದಾಗಿನಿಂದ ಇದೆ, ಅವನು ಹೂಂ ಅಂದ, ಈಚೆಗೆ ಎಲ್ಲದಕ್ಕೂ ಹೂಂ ಅನ್ನುತ್ತಾನೆ, ಚಹಾ ಕುಡೀತೀರಾ ಹೂಂ, ಮಳಿ ಬಂತು ಹೂಂ, ನಿಶಾತ್ ಇವತ್ತ ಸಿರುಗುಪ್ಪದಿಂದ ಬರಾಕತ್ಯಾಳ ಹೂಂ. ಕುರುಗೋಡು ಮೇಲಿಂದ ಬರುವ ಬಸ್ಸು, ಮಸೀದಿಯ ಮಧ್ಯಾಹ್ನದ ಬಾಂಗಿನ ಹೊತ್ತಿಗೆ ಮನೆ ಮುಟ್ಟುತ್ತಾಳೆ. ಗಾಲಿ ನಿಂತಿತು. ಅವನು ಮತ್ತೊಮ್ಮೆ ಮೀಟಿದ.

ಗಾಲಿಗೆ ಬ್ರೇಕಿಲ್ಲ. ಇರುವಂಥವು ಸಿಗುತ್ತಿದ್ದವು, ಕಾಲಿನಿಂದ ಒತ್ತಿದರೆ ಟಪ್ಪನೆ ಹಿಡಿದು ನಿಲ್ಲುವಂಥವು, ಅಂಗಡಿಯವನು ಎದುರಿಗೆ ಎರಡೂ ತರದ್ದು ಇಟ್ಟು ಯಾವು ಬೇಕು ರಾಜೇಸಾಬಣ್ಣ, ಬ್ರೇಕ್ ಇರೋವೋ ಇಲ್ಲದವೋ ಅಂದ, ಆ ಮಾತು ಕಿವಿಗೆ ಬಿದ್ದದ್ದೇ ಬೆರಳು ತೋರಿಸಿದ, ಬೆರಳು ಎತ್ತ ಹೋಯಿತೋ ಅತ್ತಲಿನ ಗಾಲಿ ಚೀಲಕ್ಕೆ ಬಿದ್ದವು, ಮನೆಗೆ ಬಂದು ನೋಡಿದರೆ ಬ್ರೇಕಿಲ್ಲದವು. ಮೂವತ್ತು ವರ್ಷ ಮರ ಕೊಯ್ದವನು, ಲಾರಿಯ ಬಾಡಿಯೇ ಕಟ್ಟಿದವನು, ಇಷ್ಟು ಗೊತ್ತಾಗಲಿಲ್ಲವೇ, ಕೋಣೆಯ ನೆಲ ಬೇರೆ ಚರಂಡಿಯ ಕಡೆಗೆ ಇಳಿಜಾರು, ನಿನ್ನೆ ಮೊದಲನೆಯ ಬಂಡಿಯನ್ನು ನಿಲ್ಲಿಸಿ ಕೈಬಿಟ್ಟರೆ ಅದು ಮೆಲ್ಲಗೆ, ಯಾರೋ ಕರೆದ ಹಾಗೆ, ಬಾಗಿಲ ತನಕ ಹೋಯಿತು. ಏನರ ಅಡ್ಡ ಇಡ್ರಿ ಅದಕ್ಕ ಅಂತ ಲಾಲಬೀ ಒಳಗಿನಿಂದ ಕೂಗಿದಳು. ಇಟ್ಟಿಗೆ ಇಟ್ಟ. ಎರಡನೆಯದಕ್ಕೂ ಇಟ್ಟಿಗೆ. ಮೂರನೆಯದಕ್ಕೆ ಇಟ್ಟಿಗೆ ಇಲ್ಲ, ಹುಡುಕಿದರೆ ಸಿಕ್ಕೀತು, ಹುಡುಕಿಲ್ಲ. ಮೊದಲನೆಯದರಲ್ಲಿ ರಂದ, ಉಳಿ, ಗರಗಸ, ಎರಡನೆಯದರಲ್ಲಿ ಮೊಳೆ ಬೋಲ್ಟು ಎಲ್ಲ ಬೇರೆ ಬೇರೆ ಖಾನೆಯಲ್ಲಿ, ಮೂರನೆಯದು ತಮ್ಮ ಅಜರುದ್ದೀನನ ಸಾಮಾನಿಗೆ, ಬೋಲ್ಟು ಬಿಗಿಯುವ ಅವನ ಪಾನಾಗಳು, ಅವನ ಸುತ್ತಿಗೆ, ಹಿಡಿಯಲ್ಲಿ ಅವನ ಹೆಬ್ಬೆರಳು ಕೂತು ಕೂತು ತಗ್ಗು ಬಿದ್ದ ಸುತ್ತಿಗೆ, ಎಲ್ಲ ನಿಶಾತಳಿಗೆ ಸೇರಬೇಕಾದದ್ದು, ಕೆಳಗಿನ ಖಾನೆಗೆ ಹಳೆಯ ಗೋಣಿಯಲ್ಲಿ ಸುತ್ತಿಟ್ಟ ಜಾಲಿ ಕಟ್ಟಿಗೆ, ಮೂರು ಮೂಲೆಯದು, ಗೇಣುದ್ದದ್ದು. ಲಾರಿ ಗಾಲಿಗೆ ಇಡುವ ಅಡ್ಡಕಟ್ಟಿಗೆ. ಅದರ ಓರೆ ಮುಖದ ಮೇಲೆ ಟೈರಿನ ಕಪ್ಪು ಗುರುತು ಎರಡು, ಒಂದು ನೆಟ್ಟಗೆ, ಒಂದು ಓರೆ. ಹೋದ ತಿಂಗಳು ಲಾಲಬೀ ಅದನ್ನು ನೀರೊಲೆಗೆ ಹಾಕಲು ಹೊರಟಿದ್ದಳು, ಜಾಲಿ ಛಲೋ ಉರೀತೈತಿ ಅಂತ, ಅವನು ಒಲೆಯೊಳಗೆ ಕೈಹಾಕಿ ಹೊರಗೆಳೆದ, ಮಣಿಕಟ್ಟಿನ ಕೂದಲು ಸುಟ್ಟವು, ಏನ್ ಹುಚ್ಚು ಹಿಡದೈತಿ ನಿಮಗ, ಒಂದ್ ತುಂಡು ಕಟ್ಟಿಗಿಗೆ ಕೈ ಸುಟ್ಕೊಂತಾರೇನು ಯಾರರ ಅಂದಳು. ಹೂಂ ಅಂದ. ಉರಿ ಸಹ ಹತ್ತಲಿಲ್ಲ ಅವನಿಗೆ, ಕೈ ತನ್ನದಲ್ಲ ಅನ್ನಿಸಿತು, ಗುಳ್ಳೆ ಎದ್ದ ಮೇಲೆ ಗುಳ್ಳೆಯನ್ನು ನೋಡಿದ.

ಗಾಳಿ ಬಂದಾಗ ತೂರಿಕೋ ಅಂದರು ಎಲ್ಲರೂ, ತೂರಿಕೊಂಡದ್ದೇ ತೂರಿಕೊಂಡದ್ದು, ಸಂಡೂರಿನ ಗುಡ್ಡ ಕೆಂಪಗೆ ಕರಗಿ ಚೀನಾಕ್ಕೆ ಹೊರಟಿತ್ತಂತೆ ಆಗ, ಬಳ್ಳಾರಿಯ ಬೀದಿಬೀದಿಯಲ್ಲಿ ಲಾರಿ, ಮೊನ್ನೆ ಕತ್ತೆ ಕಾಯುತ್ತಿದ್ದವನಿಗೂ ಇವತ್ತು ಎರಡು ಲಾರಿ, ಅದಿರು ಹೊತ್ತು ಹೊತ್ತು ಬಾಡಿಯ ಹಲಗೆ ಮುರಿಯುವುದು, ಅವು ಹೊಸಪೇಟೆ ರಸ್ತೆಯ ಇವನ ಶೆಡ್ಡಿಗೆ ಬರುವುದು, ರಾಜೇಸಾಬಣ್ಣ ಸಂಜಿಗೆ ಬೇಕು, ರಾಜೇಸಾಬಣ್ಣ ಈಗ ಬೇಕು, ಡ್ರೈವರುಗಳು ಚಹಾದ ಲೋಟ ಹಿಡಿದು ತಲೆಯ ಮೇಲೆಯೇ ನಿಲ್ಲುತ್ತಿದ್ದರು, ಎಲ್ಲರ ಹುಬ್ಬಿನ ಮೇಲೂ ಕೆಂಪು ಧೂಳು. ಶೆಡ್ಡಿನಲ್ಲಿ ಮೂವರು, ಮರದ ಕೆಲಸಕ್ಕೆ ಅವನು, ಲಾರಿಯ ಕೆಳಗೆ ನುಗ್ಗಿ ಬೋಲ್ಟು ಬಿಗಿಯುವುದಕ್ಕೆ ತಮ್ಮ ಅಜರುದ್ದೀನ್, ವೆಲ್ಡಿಂಗಿಗೆ ಕುರುಗೋಡಿನ ಗಾದೆಪ್ಪ. ನೆಲ ಅಲ್ಲೂ ಇಳಿಜಾರು, ರಸ್ತೆಯ ಕಡೆಗೆ. ಅದಕ್ಕೇ ಅವನೇ ಕಟ್ಟಳೆ ಮಾಡಿದ್ದ, ಗಾಲಿಗೆ ಅಡ್ಡಕಟ್ಟಿಗಿ ಯಾಂವ ಇಟ್ಟಾನೋ ಅವನೇ ತೆಗೀಬೇಕು, ಇನ್ನೊಬ್ಬ ಮುಟ್ಟಿದ್ರ ಕೈ ಕಡೀತೀನಿ ನೋಡ್ರಲೇ. ಎಷ್ಟು ಸಲ ಹೇಳಿದ್ದ, ಗಾದೆಪ್ಪ ನಕ್ಕು, ಅಣ್ಣ, ಈ ಮಾತು ಲಾರಿ ಹಿಂದ ಬರಸೂಣ ತಗೋ ಅನ್ನುತ್ತಿದ್ದ. ಇನ್ನೊಂದು ಪದ್ಧತಿ ಇತ್ತು, ಅದನ್ನು ಯಾರೂ ಮಾಡಿದ್ದಲ್ಲ, ಅಪ್ಪನ ಕಾಲದಿಂದ ಬಂದದ್ದು, ಮಸೀದಿಯಲ್ಲಿ ಬಾಂಗ್ ಕೂಗಲು ಶುರುವಾದರೆ ಸುತ್ತಿಗೆ ನಿಲ್ಲಬೇಕು, ಎತ್ತಿದ ಸುತ್ತಿಗೆಯೂ ಇಳಿಯಬೇಕು, ಬಾಂಗ್ ಮುಗಿಯುವ ತನಕ ಸದ್ದಿಲ್ಲ, ಗಾದೆಪ್ಪ ಸಹ ವೆಲ್ಡಿಂಗ್ ಕಡ್ಡಿ ಕೆಳಗಿಟ್ಟು ಬೀಡಿ ಹಚ್ಚದೆ ಸುಮ್ಮನೆ ಕೂರುತ್ತಿದ್ದ, ಇಡೀ ಶೆಡ್ಡಿಗೆ ದಿನದಲ್ಲಿ ಸಿಗುತ್ತಿದ್ದ ನೆಮ್ಮದಿ ಅದೊಂದೇ.

ಅವತ್ತೂ ಬಾಂಗ್ ಆಯಿತು, ಮಧ್ಯಾಹ್ನದ್ದು. ಸುತ್ತಿಗೆಗಳು ನಿಂತವು. ಅವನು ಹಿಂದಿನ ಬಾಗಿಲ ಹಲಗೆ ಹೊತ್ತು ನಿಂತಿದ್ದ, ಒಂದು ಮೂಲೆ ಇಳಿದಿತ್ತು, ಅದರ ಕೆಳಗೆ ಕೊಡಲು ಒಂದು ತುಂಡು ಬೇಕಿತ್ತು, ಬರೀ ಒಂದು ತುಂಡು ಮರ, ಸುತ್ತ ನೋಡಿದ, ಕಾಲ ಬಳಿಯೇ ಗಾಲಿಗೆ ಒತ್ತಿಕೊಂಡು ಅಜರು ಇಟ್ಟ ಅಡ್ಡಕಟ್ಟಿಗೆ. ಲಾರಿಯ ಕೆಳಗಿನಿಂದ ಸದ್ದಿಲ್ಲ, ಅಜರು ಕೆಲಸ ಮುಗಿಸಿ ಕೈಕಾಲು ತೊಳೆಯಲು ನಳದ ಹತ್ತಿರ ಹೋದ ಅಂದುಕೊಂಡ, ಹೋದ ಅಂತ ಅಂದುಕೊಂಡ, ಬಗ್ಗಿ ನೋಡಿದ್ದರೆ ಆಗುತ್ತಿತ್ತು, ಲೇ ಅಜರು ಅಂತ ಕರೆದಿದ್ದರೆ ಆಗುತ್ತಿತ್ತು, ಆದರೆ ಬಾಂಗ್ ಆಗುತ್ತಿತ್ತಲ್ಲ, ಬಾಂಗ್ ಆಗುವಾಗ ಯಾರು ಕೂಗುತ್ತಾರೆ, ಅಜರೂ ಅದಕ್ಕೇ ಲಾರಿಯ ಕೆಳಗೆ ಸುಮ್ಮನೆ ಮಲಗಿದ್ದ, ಸುತ್ತಿಗೆಯನ್ನು ಎದೆಯ ಮೇಲಿಟ್ಟುಕೊಂಡು, ಬಾಂಗ್ ಮುಗಿಯಲಿ ಅಂತ. ಕಟ್ಟಿಗೆ ಕೈಗೆ ಬಂತು. ಲಾರಿಯ ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲವೆಂದು ಡ್ರೈವರ್ ಬೆಳಿಗ್ಗೆಯೇ ಹೇಳಿದ್ದ, ಇವನು ಹೂಂ ಅಂದಿದ್ದ. ಲಾರಿ ಒಂದು ಮೊಳ ಜರುಗಿತು, ಅಷ್ಟೇ, ಒಂದೇ ಮೊಳ, ಅವನು ಹಲಗೆ ಬಿಸಾಕಿ ಅದೇ ಕಟ್ಟಿಗೆಯನ್ನು ಗಾಲಿಗೆ ತುರುಕಿದ, ಓರೆಯಾಗಿ ಕೂತಿತು, ಗಾಲಿ ನಿಂತಿತು. ಬಾಂಗ್ ಮುಗಿಯಿತು. ರಸ್ತೆಯಾಚೆ ಎಲ್ಲೆಲ್ಲೋ ಸುತ್ತಿಗೆಗಳು ಮತ್ತೆ ಶುರುವಾದವು, ಇಲ್ಲೊಂದು ಆಗಲಿಲ್ಲ.

ಆಮೇಲಿನದನ್ನೆಲ್ಲ ಬೇರೆಯವರೇ ಮಾತಾಡಿದರು, ಅವನಿಗೆ ಬಾಯಿ ತೆರೆಯುವ ಕೆಲಸವೇ ಬೀಳಲಿಲ್ಲ. ಓಡಿಬಂದ ಗಾದೆಪ್ಪ ಗಾಲಿ ನೋಡಿ, ಅಯ್ಯೋ ಅಜರು ಓರೆ ಇಟ್ಟಾನಲ್ಲಣ್ಣ, ಅವಸರದಾಗ ಓರೆ ಇಟ್ಟಾನ ಅಂತ ಹಣೆ ಬಡಿದುಕೊಂಡ, ಪಂಚನಾಮೆ ಬರೆದವರು ಅದನ್ನೇ ಬರೆದರು, ಮೃತನು ತಾನೇ ಇಟ್ಟಿದ್ದ ಕಟ್ಟಿಗೆ ಸರಿಯಾಗಿ ಕೂರದೆ, ಇವನು ಸಹಿ ಹಾಕಿದ. ಸತ್ತವನ ಮೇಲೆ ಗೂಬೆ ಕೂತಿತು, ಇವನು ಹೂಂ ಅಂದದ್ದಕ್ಕೇ ಕೂತಿತು. ಹೇಳಬೇಕೆಂದಿದ್ದ, ಮಣ್ಣು ಮಾಡಿ ಬಂದ ಮೇಲೆ, ಮೂರನೆಯ ದಿನದ ಮೇಲೆ, ನಲವತ್ತರ ಮೇಲೆ, ಗಂಡ ಸತ್ತವಳು ಕೂರುವ ಇದ್ದತ್ತು ಮುಗಿಯುವ ತನಕ ನಿಶಾತ್ ಈ ಮನೆಯಲ್ಲೇ ಪರದೆಯ ಹಿಂದೆ ಕೂತಿದ್ದಳು, ನಾಲ್ಕು ತಿಂಗಳು ಹತ್ತು ದಿನ, ಪರದೆಯ ಈಚೆಗೆ ಅವನು, ಒಂದು ಬಟ್ಟೆಯ ಅಂತರ. ಆಚೆಯಿಂದ ಅವಳು ಲಾಲಬೀಗೆ ಹೇಳುವುದು ಕೇಳುತ್ತಿತ್ತು, ಅಳುವಲ್ಲ, ಸಿಟ್ಟು, ಅಕ್ಕಾ, ಒಂದ್ ಕಟ್ಟಿಗಿ ನೆಟ್ಟಗ ಇಡಾಕ ಆಗಲಿಲ್ಲಲ್ಲ ಅವರಿಗೆ, ಮನ್ಯಾಗ ಒಬ್ಬಾಕಿ ಅದಾಳ ಅಂತ ನೆನಪಿದ್ದಿದ್ರ ಹಂಗ ಇಡ್ತಿದ್ರೇನು, ನಾ ಅವರ ಹೆಸರಿಲೆ ಫಾತೆಹಾ ಓದಂಗಿಲ್ಲ ನೋಡು, ಎದಿ ಒಪ್ಪವಲ್ದು. ಸತ್ತವರಿಗಾಗಿ ಓದುವ ಆ ಪ್ರಾರ್ಥನೆಯನ್ನು ಇವತ್ತಿಗೂ ಓದಿಲ್ಲವಂತೆ, ಸಿರುಗುಪ್ಪದಲ್ಲಿ ಅವಳ ತಾಯಿ ಹೇಳಿ ಹೇಳಿ ಸೋತಳಂತೆ. ಒಂದು ಮಾತು ಹೇಳಿದರೆ ಆ ಸಿಟ್ಟು ತಮ್ಮನ ಮೇಲಿಂದ ಇಳಿಯುತ್ತದೆ, ಇಳಿದು ಇವನ ಮೇಲೆ ಏರುತ್ತದೆ, ಏರಲಿ, ಆದರೆ ಬಾಯಿ ಬಿಟ್ಟರೆ ಬಣ್ಣಗೇಡು, ಲಾಲಬೀ ಏನಂದಾಳು, ಗಾದೆಪ್ಪ ಏನಂದಾನು, ಅವಳು ಈ ಮನೆಯಲ್ಲಿ ಉಂಡಾಳೇ, ಈ ಕೋಣೆಯಲ್ಲಿ ಹೊಲಿದಾಳೇ. ಭಯವೆಂದರೆ ಭಯವೂ ಅಲ್ಲ, ಭಯವಿದ್ದರೆ ಎದೆ ಬಡಿಯಬೇಕಲ್ಲ. ಅಳು ಬರಲಿಲ್ಲ ಅವನಿಗೆ, ಅವತ್ತೂ, ಮಣ್ಣಿಗಿಟ್ಟಾಗಲೂ, ಇವತ್ತೂ. ಶೆಡ್ಡು ಬಿಟ್ಟುಕೊಟ್ಟ, ಸಾಮಾನು ಮನೆಗೆ ತಂದ, ಅಳತೆ ತೆಗೆದ, ಹಲಗೆ ಕೊಯ್ದ, ಮೂಲಮಟ್ಟ ಇಟ್ಟು ನೋಡಿದ, ಮೂರು ಬಂಡಿಯಲ್ಲಿ ಒಂದು ಕೂದಲೆಳೆಯೂ ಆಚೀಚೆ ಇಲ್ಲ, ಒಳಗೆ ಏನೂ ಇಲ್ಲದವನ ಕೈ ಇಷ್ಟು ನೆಟ್ಟಗೆ ಕೆಲಸ ಮಾಡುತ್ತದೆಯೇ ಅಂತ ಅವನಿಗೇ ಸೋಜಿಗ. ಬಂಡಿಯನ್ನು ಎತ್ತಿ ನಿಲ್ಲಿಸಿ, ಅಜರುದ್ದೀನನ ಸಾಮಾನನ್ನೆಲ್ಲ ತುಂಬಿ, ಕೆಳಗಿನ ಖಾನೆ ಮುಚ್ಚಿ, ಇಟ್ಟಿಗೆ ಇಟ್ಟಿದ್ದ ಎರಡನೆಯ ಬಂಡಿಗೆ ಒರಗಿಸಿಟ್ಟ.

ಅಕ್ಕಾ ಅನ್ನುವ ದನಿ, ಆಟೋ ತಿರುಗಿಸಿಕೊಂಡು ಹೋದ ಸದ್ದು, ಬಂದಳು, ತಲೆಯ ಮೇಲಿನ ಸೆರಗಿಗೆಲ್ಲ ದಾರಿಯ ಕೆಂಪು ಧೂಳು, ಕೈಯಲ್ಲಿ ಹೊಲಿಗೆ ಸಾಮಾನಿನ ಚೀಲ, ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಳೆ, ಹೋದ ಸಲಕ್ಕಿಂತ ತೆಳ್ಳಗಾಗಿದ್ದಾಳೆ, ಭಾವಾ, ಎಷ್ಟ್ ಛಂದ ಮಾಡೀರಿ, ನನ್ನ ಸಲುವಾಗಿ ಇಷ್ಟ್ ತ್ರಾಸ ಯಾಕ ತಗೊಂಡ್ರಿ. ಹೂಂ ಅನ್ನುತ್ತಾನೆ. ಮಷಿನ್ ಇಲ್ಲಿ ಇಡ್ತೀನಿ, ಬೆಳಕು ಐತಿ, ಅಂತ ಮೂರನೆಯ ಬಂಡಿಯನ್ನು ಒಂದು ಬೆರಳಿನಿಂದ ಸರಿಸಿದಳು, ಸರಿಸಿ ಕೈಬಿಟ್ಟಳು, ಬಂಡಿ ಅವಳ ಹಿಂದೆಯೇ ಬಾಗಿಲ ಕಡೆಗೆ ಹೊರಟಿತು, ತಮ್ಮನ ಪಾನಾಗಳು ಒಳಗೆ ಗಲಗಲ ಅನ್ನುತ್ತಿವೆ, ಅವನು ಎದ್ದೇಳಬೇಕು, ಹಿಡಿಯಬೇಕು, ಅವಳೇ ತಿರುಗಿ ಹಿಡಿದಳು, ಅಯ್ಯ ಭಾವಾ, ಇದಕ್ಕ ಅಡ್ಡ ಇಲ್ಲೇನು, ಒಂದು ಕೈಯಲ್ಲಿ ಬಂಡಿ ಹಿಡಿದೇ ಕೂತಳು, ಇನ್ನೊಂದು ಕೈಯಲ್ಲಿ ಏನಾದರೂ ಸಿಕ್ಕೀತೆಂದು ಕೆಳಗಿನ ಖಾನೆ ಎಳೆದಳು. ಬ್ಯಾಡ ಅನ್ನಬೇಕು. ಗೋಣಿ ಬಿಚ್ಚಿದಳು, ಮೂರು ಮೂಲೆಯ ಜಾಲಿ ಕಟ್ಟಿಗೆ ಹೊರಗೆ ಬಂತು, ಇದು ಅದಾ ಭಾವಾ, ಅವರು ಇಟ್ಟಿದ್ದು. ಹೂಂ. ಅವಳು ಬಿಸಾಕುತ್ತಾಳೆ ಅಂದುಕೊಂಡ, ಬಿಸಾಕಲಿಲ್ಲ, ತೊಡೆಯ ಮೇಲಿಟ್ಟುಕೊಂಡಳು, ಟೈರಿನ ಗುರುತಿನ ಮೇಲೆ ಬೆರಳು ಆಡಿಸಿದಳು, ಬಟ್ಟೆಯ ಮೇಲೆ ಹೊಲಿಗೆ ನೋಡುವಾಗ ಆಡಿಸುವ ಹಾಗೆಯೇ, ಒಮ್ಮೆ ಹೋಗಿ ಒಮ್ಮೆ ಬಂದು, ನಿಂತಿತು ಬೆರಳು. ಭಾವಾ, ಇದರಾಗ ಎರಡು ಗುರುತು ಅದಾವಲ್ಲ. ಒಂದು ನೆಟ್ಟಗ ಕುಂತೈತಿ, ನಟ್ಟನಡುವ, ಆಳಾಗಿ. ಇನ್ನೊಂದು ಅದರ ಮ್ಯಾಲೆ ಓರೆ ಬಿದ್ದೈತಿ. ಬಿಚ್ಚಿ ಎರಡನೇ ಸಲ ಹೊಲದಂಗ ಐತಲ್ಲ ಭಾವಾ.

ಅಷ್ಟರಲ್ಲಿ ಬಾಂಗ್. ಮಧ್ಯಾಹ್ನದ್ದು. ಅವಳು ಸೆರಗು ಸರಿಮಾಡಿಕೊಂಡು ಸುಮ್ಮನಾದಳು, ಅವನೂ ಸುಮ್ಮನಾದ, ಒಳಗೆ ಲಾಲಬೀ ಕುಟ್ಟುತ್ತಿದ್ದ ಮೆಣಸಿನಕಾಯಿ ನಿಂತಿತು, ಬೀದಿಯ ಆಚೆಯ ಕಬ್ಬಿಣದ ಅಂಗಡಿಯೂ ನಿಂತಿತು, ಅವಳ ಕಣ್ಣು ಅವನ ಮೇಲಿದೆ, ತೆಗೆಯುತ್ತಿಲ್ಲ, ಬಾಂಗ್ ಆಗುವಾಗ ಮಾತಾಡಬಾರದು, ಮಾತಾಡಬೇಕಿಲ್ಲ, ಇದು ಹೀಗೇ ಆಗುತ್ತಿರಲಿ, ಮುಗಿಯದಿರಲಿ, ಲಾರಿಯ ಕೆಳಗೆ ತಮ್ಮ ಸುತ್ತಿಗೆಯನ್ನು ಎದೆಯ ಮೇಲಿಟ್ಟುಕೊಂಡು ಕಾಯುತ್ತಲೇ ಇರಲಿ, ಇನ್ನೂ ಬದುಕಿಯೇ ಇರಲಿ, ಮುಗಿಯಿತು. ಬೀದಿಯಾಚೆ ಸುತ್ತಿಗೆ ಶುರುವಾಯಿತು. ಬಾಯಿ ತೆರೆಯಿತು, ಹೂಂ ಬರಲಿಲ್ಲ, ನೆಟ್ಟಗೇ ಇಟ್ಟಿದ್ದನವ್ವ ಅವ, ತೆಗೆದಾಂವ ನಾನು, ಓರೆ ಇಟ್ಟಾಂವನೂ ನಾನು. ತನ್ನ ದನಿಯೇ, ಕೋಣೆಯಲ್ಲಿ ಕೇಳಿಸಿತು. ಅವಳು ಕೂಗಲಿಲ್ಲ, ಎದ್ದು ಹೋಗಲಿಲ್ಲ, ನೆಟ್ಟಗ ಇಟ್ಟಿದ್ರಾ ಅಂದಳು, ಅಷ್ಟನ್ನೇ, ಮತ್ತೊಮ್ಮೆ, ನೆಟ್ಟಗ ಇಟ್ಟಿದ್ರು, ಅವನ ಕಡೆ ನೋಡದೆ, ತೊಡೆಯ ಮೇಲಿನ ಕಟ್ಟಿಗೆಗೆ ಹೇಳುವ ಹಾಗೆ, ತುಟಿಗಳು ಫಾತೆಹಾ ಓದತೊಡಗಿದವು, ಅವಳ ಕೈಯ ಹಿಡಿತ ಸಡಿಲಿತು, ಬಂಡಿ ಅವಳನ್ನು ದಾಟಿ ಮೆಲ್ಲಗೆ ಬಾಗಿಲ ಕಡೆಗೆ ಹೊರಟಿದೆ, ಯಾರೂ ಹಿಡಿಯುತ್ತಿಲ್ಲ, ಅವನು ನೋಡುತ್ತಿರುವುದು ಬಂಡಿಯನ್ನಲ್ಲ, ಅವಳ ತೊಡೆಯ ಮೇಲಿನ ಕಟ್ಟಿಗೆಯನ್ನು, ಕಪ್ಪು ಗುರುತು ಎರಡು, ಒಂದು ನೆಟ್ಟಗೆ, ಒಂದು ಓರೆ, ಒಂದು ನೆಟ್ಟಗೆ, ಒಂದು