ಚರಗಕ್ಕೆ ಓಗೊಡುವವಳು

ಯರಗುಪ್ಪಿಯ ಲಕ್ಷ್ಮಣಪ್ಪನ ಮೊಮ್ಮಗಳು ಶಿವಾನಿಯನ್ನು ಬಿಟ್ಟು ಅವಳ ದನಿ ಹೊರಟುಹೋಗಿ ಒಂದು ವರ್ಷವಾಗುತ್ತ ಬಂದಿತ್ತು. ಸತ್ತೇ ಹೋಗಿದ್ದರೆ ಅತ್ತು ಸುಮ್ಮನಾಗಬಹುದಿತ್ತು. ಅದು ಸತ್ತಿರಲಿಲ್ಲ, ಊರೂರು ತಿರುಗುತ್ತಿತ್ತು. ಕುಂದಗೋಳದ ಬಸ್ ಸ್ಟ್ಯಾಂಡಿನಲ್ಲಿ, ಕಟಿಂಗ್ ಅಂಗಡಿಯ ಬಾಗಿಲಲ್ಲಿ, ಕಾಲೇಜಿನ ನಳದ ಹತ್ತಿರ, ಯಾರದೋ ಕಿಸೆಯೊಳಗಿಂದ ಇದ್ದಕ್ಕಿದ್ದಂತೆ "ಸಲಾಂಬ್ರಿಗೋ..." ಎಂದು ಕೂಗುತ್ತಿತ್ತು. ಶಿವಾನಿ ಬಾಯಿ ಬಿಗಿಹಿಡಿದು ನಿಂತುಕೊಂಡು, ತನ್ನದೇ ದನಿ ತನ್ನನ್ನು ಗುರುತಿಸದೆ ಮುಂದೆ ಹೋಗುವುದನ್ನು ಕೇಳುತ್ತಿದ್ದಳು.

ನಡೆದದ್ದು ಇಷ್ಟು. ಸೀಗೆ ಹುಣ್ಣಿಮೆಗೆ ಈ ಕಡೆಯವರು ಹೊಲಕ್ಕೆ ಚರಗ ಚೆಲ್ಲುತ್ತಾರೆ. ಭೂಮಿತಾಯಿ ಆಗ ತುಂಬಿದ ಬಸುರಿ. ಬಸುರಿಯ ಬಯಕೆ ತೀರಿಸದ ಮನೆಯೂ ಒಂದು ಮನೆಯೇ? ಹೋಳಿಗೆ, ಕಡಬು, ಸಜ್ಜೆ ರೊಟ್ಟಿ, ಪುಂಡಿಪಲ್ಯ, ಮಾಡಿದ್ದನ್ನೆಲ್ಲ ಕಲಸಿ ಬುಟ್ಟಿಗೆ ತುಂಬಿಕೊಂಡು ಒಬ್ಬರು ಹೊಲದ ತುಂಬ ಹಿಡಿ ಹಿಡಿ ಎಸೆಯುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಾರೆ. ಅವರ ಬೆನ್ನ ಹಿಂದೆ ಇನ್ನೊಬ್ಬರು ಬೇವಿನ ಟೊಂಗೆಯಿಂದ ನೀರು ಚಿಮುಕಿಸುತ್ತ "ಸಲಾಂಬ್ರಿಗೋ" ಎಂದು ಓಗೊಡುತ್ತಾರೆ. ಅದರ ಅರ್ಥವೇನೆಂದು ಕೇಳಿದವರಿಗೆ ಲಕ್ಷ್ಮಣಪ್ಪ, "ಅರ್ಥ ಭೂಮಿಗೆ ಗೊತ್ತೈತಿ, ನಿನಗ್ಯಾಕ ಬೇಕು?" ಎಂದು ಬಾಯಿ ಮುಚ್ಚಿಸುತ್ತಿದ್ದ.

ಅವನ ಮನೆಯಲ್ಲಿ ಎರಡು ಕಟ್ಟಳೆಗಳಿದ್ದವು. ಚರಗ ಎಸೆಯುವವನು ಹಿಂದಕ್ಕೆ ತಿರುಗಿ ನೋಡಬಾರದು. ಹಿಂದಿನವರು ಓಗೊಡುವ ತನಕ ಮುಂದಿನ ಹಿಡಿ ಎಸೆಯಬಾರದು. ಓಗೊಡಬೇಕಾದವನು ಶಿವಾನಿಯ ಅಪ್ಪ. ಅವನೋ ಬಸ್ಸಿನ ಡ್ರೈವರ್, ಹಬ್ಬ ಬಂತೆಂದರೆ ಅವನಿಗೆ ಎಲ್ಲಿಲ್ಲದ ಡ್ಯೂಟಿ. ಹಾಗಾಗಿ ಸಿಂಬಳ ಸುರಿಸುವ ವಯಸ್ಸಿನಿಂದ ಆ ಕೆಲಸ ಶಿವಾನಿಯದೇ ಆಗಿತ್ತು. ಹೆಣ್ಣು ಹುಡುಗಿ ಓಗೊಡುವುದೇನು ಎಂದು ಬಾಜು ಹೊಲದವರು ಮೂಗು ಮುರಿದಾಗ ಲಕ್ಷ್ಮಣಪ್ಪ, "ಭೂಮ್ತಾಯಿ ಏನ್ ಗಂಡ್ಸೇನ್ರಿ?" ಎಂದು ಕೇಳಿದ್ದ.

ಹೋದ ವರ್ಷ ಅವಳು ಓಗೊಡುವುದನ್ನು ದೊಡ್ಡಪ್ಪನ ಮಗ ಸುದೀಪ ಫೋನಿನಲ್ಲಿ ಹಿಡಿದು ರೀಲ್ಸ್ ಮಾಡಿ ಬಿಟ್ಟ. ಹುಬ್ಬಳ್ಳಿಯಲ್ಲಿ ಬೈಕಿನ ಶೋರೂಮಿನಲ್ಲಿ ಕೆಲಸ ಮಾಡುವ ಅವನಿಗೆ ತಂಗಿಯ ಮೇಲೆ ಪ್ರೀತಿ ಇತ್ತು, ಬುದ್ಧಿ ಸ್ವಲ್ಪ ಕಡಿಮೆ ಇತ್ತು. ನೋಡಿದವರು ಮೊದಲು ಸಾವಿರ, ಆಮೇಲೆ ಲಕ್ಷ, ಆಮೇಲೆ ಲೆಕ್ಕವೇ ಉಳಿಯಲಿಲ್ಲ. ಮೊದಲ ದಿನ ಶಿವಾನಿ ಖುಷಿಯಿಂದ ಊಟ ಬಿಟ್ಟಳು. ಎರಡನೆಯ ದಿನ ಜನ ಬರೆದದ್ದನ್ನು ಓದಿ ಊಟ ಬಿಟ್ಟಳು. ಯಾರೋ ಅವಳ ಕೂಗಿಗೆ ಆಡಿನ ಕೂಗು ಜೋಡಿಸಿದ್ದರು. ಯಾರೋ ಅವಳ ಬಣ್ಣದ ಬಗ್ಗೆ ಬರೆದು ನಗುವ ಮುಖಗಳನ್ನು ಸಾಲಾಗಿ ಅಂಟಿಸಿದ್ದರು. ಮತ್ತೊಬ್ಬ ಬರೆದಿದ್ದ: ಈ ದನಿ ಕೇಳಿದರೆ ನಿಂತ ಬೆಳೆ ಒಣಗುತ್ತದೆ.

ಊರ ಬಾಯಿಗೆ ಮುಚ್ಚಳವಿಲ್ಲ ಎಂದು ಹಿರಿಯರು ಹೇಳಿದ್ದು ಒಂದು ಊರಿನ ಬಾಯಿಯ ಬಗ್ಗೆ. ಇದು ಯಾವ ಊರೂ ಅಲ್ಲ, ಎಲ್ಲ ಊರೂ ಹೌದು. ಈ ಬಾಯಿ ಹೊದಿಕೆಯೊಳಗೆ, ದಿಂಬಿನ ಪಕ್ಕಕ್ಕೇ ಬಂದು ಮಲಗುತ್ತದೆ. ಶಿವಾನಿ ಓದಬಾರದು ಎಂದುಕೊಂಡಷ್ಟೂ ಓದಿದಳು. ಹೊಗಳಿದವರೂ ಬೇಕಷ್ಟು ಜನ ಇದ್ದರು, ಅವರ ಒಂದು ಮಾತೂ ಅವಳಿಗೆ ನೆನಪಿಲ್ಲ. ಕಾಲೇಜಿನಲ್ಲಿ ಅವಳ ಹೆಸರೇ ಸಲಾಂಬ್ರಿ ಆಯಿತು. ಹಾಜರಿ ಕೂಗಿದಾಗ "ಹಾಜರ್ ರಿ" ಎನ್ನಲು ಬಾಯಿ ತೆರೆದರೆ ಹಿಂದಿನ ಬೆಂಚಿನಿಂದ ಆಡು ಕೂಗುತ್ತಿತ್ತು. ಅವಳು ಬಾಯಿ ತೆರೆಯುವುದನ್ನೇ ಬಿಟ್ಟಳು.

ಅದೇ ಹೊತ್ತಿಗೆ ಕಿತ್ತು ಬಣವೆ ಹಾಕಿದ್ದ ಶೇಂಗಾ ಹೊಲದಲ್ಲೇ ಅಕಾಲದ ಮಳೆಗೆ ಸಿಕ್ಕಿ ಕೊಳೆಯಿತು. ಸುತ್ತಲಿನ ಎಲ್ಲರ ಶೇಂಗಾವೂ ಕೊಳೆಯಿತು ಅನ್ನಿ. ಆದರೆ ಶಿವಾನಿಗೆ ಕಂಡದ್ದು ತಮ್ಮ ಹೊಲದ್ದು ಮಾತ್ರ. ಕಪ್ಪಗಾದ ಕಾಯಿಯನ್ನು ಕೈಯಲ್ಲಿ ಒಡೆದು ನೋಡಿದಳು. ಆ ದಿನದಿಂದ ಮನೆಯೊಳಗೂ ಅವಳ ಮಾತು ಬರೀ ಪಿಸುಮಾತಾಯಿತು.

ಲಕ್ಷ್ಮಣಪ್ಪನ ಹೆಂಡತಿ, ಶಿವಾನಿಯ ಆಯಿ ದುರಗವ್ವ, ಅಂಜಿಕೆ ಹೊಕ್ಕಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟಿಗೆ ಮನೆಯವರೆಲ್ಲ ಕೆಮ್ಮಿದರು, ಶಿವಾನಿಯೊಬ್ಬಳೇ ಕೆಮ್ಮಲಿಲ್ಲ. ಅವ್ವ ನೀಲಾ ಗಂಟಲಿನ ಡಾಕ್ಟರಿಗೆ ತೋರಿಸಿದಳು. ಗಂಟಲಿನಲ್ಲಿ ಏನೂ ಇರಲಿಲ್ಲ. ಕಡೆಗೆ ಯಾರಿಗೂ ಹೇಳದೆ ಧಾರವಾಡಕ್ಕೆ, ಮನಸ್ಸಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರಮ್ಮ ಶಿವಾನಿಯ ಪಿಸುಮಾತಿಗೆ ಕಿವಿ ಹತ್ತಿರ ತಂದು ಕೂತರು. ಆಮೇಲೆ ಅಂದರು, "ಒತ್ತಾಯ ಮಾಡಬ್ಯಾಡ್ರಿ. ಆಕಿ ಯಾರರ ಒಬ್ಬರ ಮುಂದ ಹೊಟ್ಟ್ಯಾಗಿಂದು ಹೇಳ್ಕೊಂಡ್ರ ದಾರಿ ತಾನ ತೆರಿತೈತಿ. ತಿಂಗಳಿಗೊಮ್ಮೆ ಕರ್ಕೊಂಡ ಬರ್ರಿ." ನೀಲಾ ತಪ್ಪದೆ ಕರೆದುಕೊಂಡು ಹೋಗುತ್ತಿದ್ದಳು.

ಇಷ್ಟೆಲ್ಲದರ ನಡುವೆ ಲಕ್ಷ್ಮಣಪ್ಪ ಮಾಡಿದ್ದನ್ನು ಕೇಳಬೇಕು. ಸುದೀಪ ಕೊಟ್ಟ ಹಳೆಯ ಫೋನೊಂದು ಅವನ ಅಂಗಿಯ ಕಿಸೆಯಲ್ಲಿತ್ತು. ಕರೆ ಬಂದರೆ ಮೊಮ್ಮಗಳ "ಸಲಾಂಬ್ರಿಗೋ" ಕೂಗುವಂತೆ ಹಾಕಿಸಿಕೊಂಡು ಬಂದಿದ್ದ. ಅಜ್ಜನಿಗೆ ಅಕ್ಷರ ಅಷ್ಟಕ್ಕಷ್ಟೆ, ಜನ ಬರೆದದ್ದು ಅವನಿಗೆ ಗೊತ್ತಿಲ್ಲ. ಮೊಮ್ಮಗಳನ್ನು ನಾಡೆಲ್ಲ ಕೇಳಿತು ಎಂಬ ಹಿಗ್ಗು ಅಷ್ಟೇ ಗೊತ್ತು. ಕಟ್ಟೆಯ ಮೇಲೆ ಕೂತಿದ್ದಾಗ ಫೋನು ಕೂಗಿದರೂ ಬೇಗ ಎತ್ತುತ್ತಿರಲಿಲ್ಲ. ಒಳಗೆ ಶಿವಾನಿ ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಳು. ಅಜ್ಜನೂ ನಗುವವರ ಗುಂಪಿಗೆ ಸೇರಿದ ಎಂದೇ ಅವಳಿಗೆ ಅನಿಸಿತ್ತು.

ಮಧ್ಯಾಹ್ನ ಹಿತ್ತಲಿನಲ್ಲಿ ಒರಗಿ ಕಣ್ಣು ಮುಚ್ಚಿದರೆ ಅವಳಿಗೆ ಒಂದೇ ಕನಸು. ಎರೆಹೊಲದ ಬಿರುಕುಗಳ ನಡುವೆ ತಾನು ನಡೆಯುತ್ತಿದ್ದಾಳೆ. ಹೊಲ ಮುಗಿಯುವುದೇ ಇಲ್ಲ, ಹತ್ತಿ ಒಡೆದು ಬಿಳಿ ಬಿಳಿ ಮೋಡ ನೆಲಕ್ಕೆ ಇಳಿದ ಹಾಗಿದೆ. ಅವಳ ದನಿ ಮುಂದೆ ಮುಂದೆ ಓಡುತ್ತಿದೆ, ಕಟ್ಟು ಹರಿದುಕೊಂಡು ಹೋದ ಹೋರಿಗರುವಿನ ಹಾಗೆ. ಹೆಸರು ಹಿಡಿದು ಕರೆಯೋಣವೆಂದರೆ ಕರೆಯುವುದಕ್ಕೆ ದನಿಯೇ ಬೇಕು. ಅದು ಒಂದು ಬಿರುಕಿನ ಅಂಚಿಗೆ ನಿಂತು ಅವಳನ್ನೊಮ್ಮೆ ನೋಡುತ್ತದೆ, ಒಳಕ್ಕೆ ಇಳಿದುಬಿಡುತ್ತದೆ. ಅವಳು ಬೋರಲು ಮಲಗಿ ಬಿರುಕಿಗೆ ಕಿವಿ ಇಡುತ್ತಾಳೆ. ಕೆಳಗೆ ದೂರದಲ್ಲಿ ಯಾರೋ ನೀರು ಸೇದುವ ಸಪ್ಪಳ. ಎಚ್ಚರಾದಾಗ ಕಿವಿಯ ಹತ್ತಿರ ನಿಜವಾಗಿಯೂ ಮಣ್ಣು ಹತ್ತಿರುತ್ತಿತ್ತು. ಹಿತ್ತಲಿನ ನೆಲದ ಮೇಲೆ ಮಲಗಿದರೆ ಮತ್ತೇನು ಹತ್ತುತ್ತದೆ? ಆದರೂ ಅವಳು ಬೇಗ ಒರೆಸಿಕೊಳ್ಳುತ್ತಿರಲಿಲ್ಲ.

ಮತ್ತೆ ಸೀಗೆ ಹುಣ್ಣಿಮೆ ಬಂತು. ಬೆಳಗಿನಿಂದ ಮನೆಯೆಲ್ಲ ಬೆಲ್ಲದ ವಾಸನೆ. ದುರಗವ್ವ ಬುಟ್ಟಿ ಕಟ್ಟುತ್ತ, "ಈ ವರ್ಷ ನಾನ ಓಗೊಡ್ತೇನಿ ತಗೋರಿ. ಕೂಸಿಗೆ ತ್ರಾಸ ಕೊಡಬ್ಯಾಡ್ರಿ" ಎಂದಳು. ಲಕ್ಷ್ಮಣಪ್ಪ ಶಿವಾನಿಯ ಕಡೆ ನೋಡಿ, "ಸುಮ್ನ ಕುಂದರಾಕ ಬಾರವಾ. ಹೊಲಾ ನೋಡ್ಕೊಂಡ ಬರೂಣು" ಎಂದ. ಸುದೀಪನಿಗೆ ಈ ಸಲ ಬರುವುದು ಬೇಡ ಎಂದು ನೀಲಾ ಮೊದಲೇ ಹೇಳಿದ್ದಳು. ಅವಳೂ ಆಯಿಯೂ ಬುಟ್ಟಿಗಳನ್ನು ಹೊತ್ತು ಒಳದಾರಿ ಹಿಡಿದರು.

ಚಕ್ಕಡಿಯಲ್ಲಿ ಅಜ್ಜ, ಮೊಮ್ಮಗಳು ಇಬ್ಬರೇ. ಅಜ್ಜ ಮುಂದೆ ಕೂತು ಎತ್ತು ಹೊಡೆಯುತ್ತಿದ್ದ. ಶಿವಾನಿ ಹಿಂದೆ, ನೀರಿನ ತಪೇಲಿ ಹಿಡಿದುಕೊಂಡು, ಅವನಿಗೆ ಬೆನ್ನು ಕೊಟ್ಟು ಕೂತಿದ್ದಳು. ಗಾಲಿಗಳು ಗಡಗಡ ಎನ್ನುತ್ತಿದ್ದವು. ಆ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲ ಎನಿಸಿದಾಗ ಅವಳ ಬಾಯಿ ತಾನಾಗಿ ಬಿಚ್ಚಿಕೊಂಡಿತು. ಹಿಂದಕ್ಕೆ ಸರಿಯುತ್ತಿದ್ದ ಹಾದಿಗೆ ಹೇಳುವಂತೆ ಪಿಸುಗುಟ್ಟಿದಳು:

"ಅಜ್ಜಾ, ನಿನ್ನ ಫೋನ್ ಬಾರಿಸಿದಾಗೊಮ್ಮೆ ನನಗ ಎಲ್ಲ್ಯರ ಓಡಿಹೋಗಬೇಕು ಅನಸ್ತೈತಿ. ಇರೂದ ಬ್ಯಾಡ ಅನಸ್ತೈತಿ. ಎಲ್ಲಾರೂ ಆ ದನಿ ಕೇಳಿ ನಗತಾರ. ಆಡು ಅಂತಾರ. ನನ್ನ ದನೀಗೆ ಬೆಳಿ ಒಣಗತೈತಿ ಅಂತ ಬರದಾರ. ಶೇಂಗಾ ಹೋತಲ್ಲಜ್ಜಾ, ನನ್ನಿಂದನ ಹೋತೇನೋ. ಈ ವರ್ಷದ್ದೂ ಹೋದ್ರ?"

ಅಜ್ಜ "ಹೈ" ಎಂದು ಎತ್ತಿನ ಬಾಲ ಮುಟ್ಟಿದ. ಕೇಳಿಸಲಿಲ್ಲ ಎಂದುಕೊಂಡು ಅವಳಿಗೆ ಸಮಾಧಾನವೂ ಆಯಿತು, ಅಳುವೂ ಬಂತು.

ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಪಾಂಡವರೆಂದು ಐದು ಕಲ್ಲು, ಅವುಗಳ ಹಿಂದೆ ಕಳ್ಳನೆಂದು ಒಂದು ಕಲ್ಲು ಇಟ್ಟು ಪೂಜೆ ಮುಗಿಸಿದರು. ಕಳ್ಳನಿಗೂ ಸುಣ್ಣ ಹಚ್ಚಿದ್ದರು, ಹಬ್ಬದ ದಿನ ಅವನೇನು ಪಾಪ ಮಾಡಿದ್ದಾನೆ. ಸುತ್ತಲಿನ ಹೊಲಗಳಿಂದ ಆಗಲೇ ಕೂಗು ಕೇಳುತ್ತಿತ್ತು. ಬಿಸಿಲು ಎಳೆಯದಾಗಿತ್ತು. ಮೆಣಸಿನ ಗಿಡದ ಬಿಳಿ ಹೂಗಳ ಮೇಲೆ ಪಾತರಗಿತ್ತಿಗಳು ಕೂತು ಏಳುತ್ತಿದ್ದವು. ಶಿವಾನಿಗೆ ಇದೆಲ್ಲ ಕನಸಿನಲ್ಲೇ ಕಂಡ ಹಾಗಿತ್ತು.

ಲಕ್ಷ್ಮಣಪ್ಪ ಬುಟ್ಟಿ ಎತ್ತಿಕೊಂಡು ಮುಂದೆ ನಡೆದ. ದುರಗವ್ವ ತಪೇಲಿಗೆ ಕೈ ಚಾಚಿದಳು. ಶಿವಾನಿ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಎಂದು ಅವಳಿಗೂ ಗೊತ್ತಾಗಲಿಲ್ಲ. ಬೇವಿನ ಟೊಂಗೆ ಹಿಡಿದು ಅಜ್ಜನ ಹಿಂದೆ ಹೆಜ್ಜೆ ಹಾಕಿದಳು.

"ಹುಲ್ಲುಲ್ಲಿಗೋ..." ಲಕ್ಷ್ಮಣಪ್ಪ ಮೊದಲ ಹಿಡಿ ಎಸೆದ.

ಶಿವಾನಿ ನೀರು ಚಿಮುಕಿಸಿದಳು. ಬಾಯಿ ತೆರೆಯಿತು, ದನಿ ಬರಲಿಲ್ಲ. ಗಂಟಲಿನವರೆಗೆ ಬಂದು ಹಿಂದಕ್ಕೆ ಹೋಯಿತು. ತಾನು ಓಗೊಟ್ಟರೆ ಈ ಬಿಳಿ ಹೂವೆಲ್ಲ ಉದುರುತ್ತದೆ ಎನಿಸಿತು.

ಅಜ್ಜ ನಿಂತ. ಬುಟ್ಟಿಗೆ ಕೈ ಹಾಕಲಿಲ್ಲ, ತಿರುಗಿಯೂ ನೋಡಲಿಲ್ಲ. ಬದುವಿನ ಮೇಲೆ ನೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಗ ಅಜ್ಜನ ಕಿಸೆಯಿಂದ ದನಿ ಬಂತು. "ಸಲಾಂಬ್ರಿಗೋ..."

ಹೋದ ವರ್ಷದ ಶಿವಾನಿ ಕಿಸೆಯೊಳಗಿಂದ ಓಗೊಟ್ಟಳು, ಎಷ್ಟು ಚೆನ್ನಾಗಿ, ಎಷ್ಟು ನಿರಾಳವಾಗಿ. ಕಟ್ಟಳೆಯ ಪ್ರಕಾರ ಓಗೊಟ್ಟಂತೆಯೇ ಆಯಿತು. ಈ ವರ್ಷದ ಶಿವಾನಿಯ ಕಣ್ಣಲ್ಲಿ ನೀರು ತುಂಬಿ ಹೊಲ ಮಸುಕಾಯಿತು. ಇನ್ನು ತನ್ನ ಅಗತ್ಯವೇ ಇಲ್ಲ ಎಂದುಕೊಂಡಳು.

ಲಕ್ಷ್ಮಣಪ್ಪ ಮುಂದಿನ ಹಿಡಿ ಎಸೆಯಲಿಲ್ಲ. ಮುಂದೆ ನೋಡುತ್ತಲೇ ಅಂದ:

"ಬಂಡ್ಯಾಗ ನೀ ಅಂದದ್ದೆಲ್ಲಾ ಕೇಳೇನವ್ವಾ. ಏನ್ ಹೇಳಬೇಕು ತಿಳೀಲಿಲ್ಲ, ಅದಕ್ಕ ಎತ್ತಿಗೆ ಹೈ ಅಂದೆ. ನಾ ಒಬ್ಬ ಹುಚ್ಚ ಮುದುಕ. ನೀ ಮನ್ಯಾಗ ಮಾತಾಡೂದು ಬಿಟ್ಟಿ, ನನಗ ನಿನ್ನ ದನಿ ಕೇಳಾಕ ಇದೊಂದ ಉಳದಿತ್ತು. ಯಾರೂ ಫೋನ್ ಹಚ್ಚಲಿಲ್ಲಂದ್ರ ಸುದೀಪಗ, ಹಚ್ಚಲೇ ತಮ್ಮಾ ಅಂತ ಹೇಳಿ ಹಚ್ಚಿಸ್ಕೊಂತಿದ್ದೆ. ಬಾರಸ್ಲಿ ಅಂತ ಎತ್ತತಿದ್ದಿಲ್ಲ."

ಫೋನು ಇನ್ನೂ ಕೂಗುತ್ತಲೇ ಇತ್ತು.

"ಮತ್ತ ಶೇಂಗಾ ಮಳೀಗೆ ಕೊಳೀತು. ಮಳಿ ಏನ್ ಫೋನ್ ನೋಡ್ಕೊಂತ ಕುಂದರತೈತೇನ? ಹೋದ ವರ್ಷದ ಬುತ್ತಿ ಈ ವರ್ಷ ಚರಗಾ ಚೆಲ್ಲಾಕ ಬರೂದಿಲ್ಲ. ಹೋದ ವರ್ಷದ ದನೀನೂ ಹಂಗ. ಇದನ್ನ ತಗಿಯೂದು ನನಗ ಬರಾಂಗಿಲ್ಲ. ಹಿಡಿ, ನೀನ ತಗದ ಒಗಿ."

ತಿರುಗಿ ನೋಡಬಾರದಲ್ಲ, ಕಟ್ಟಳೆ ಕಟ್ಟಳೆಯೇ. ಮುಂದೆ ನೋಡುತ್ತಲೇ ಫೋನನ್ನು ಹಿಂದಕ್ಕೆ ಚಾಚಿದ. ಅವಳ ಕೈ ಅಲ್ಲಿಯೇ ಇರುತ್ತದೆ ಎಂದುಕೊಂಡು ಬಿಟ್ಟೂ ಬಿಟ್ಟ. ಶಿವಾನಿಯ ಒಂದು ಕೈಯಲ್ಲಿ ಬೇವು, ಇನ್ನೊಂದರಲ್ಲಿ ಅಗಲ ಬಾಯಿಯ ಹಿತ್ತಾಳೆ ತಪೇಲಿ. ಫೋನು ಸೀದಾ ನೀರಿಗೆ ಬಿತ್ತು. "ಸಲಾಂ" ಎಂದದ್ದು ನೀರಿನ ಕೆಳಗೆ ಬುಳುಬುಳು ಎಂದು, ಎರಡು ಗುಳ್ಳೆ ಬಿಟ್ಟು, ಸುಮ್ಮನಾಯಿತು.

"ಹಿಡದಿಯೇನವಾ?" ಎಂದ ಅಜ್ಜ, ಏನೂ ತಿಳಿಯದೆ.

ಶಿವಾನಿ ತಪೇಲಿಯೊಳಗೆ ನೋಡಿದಳು. ಅಜ್ಜನ ಬೆನ್ನು ನೋಡಿದಳು. ಹೊಟ್ಟೆಯ ಆಳದಿಂದ ಏನೋ ಎದ್ದು ಬಂತು, ಅಳುವೆಂದುಕೊಂಡಳು, ಅದು ನಗು. ತಡೆಯಲು ಹೋದಷ್ಟೂ ಗೊಳ್ಳೆಂದು ಹೊರಬಿತ್ತು. ಬಾಜು ಹೊಲದವರು ತಿರುಗಿ ನೋಡುವಷ್ಟು ನಕ್ಕಳು. ದುರಗವ್ವ ಬದುವಿನ ಮೇಲೆ ಕುಸಿದು ಕೂತು ನೆಲಕ್ಕೆ ಹಣೆ ಹಚ್ಚಿದಳು.

ಲಕ್ಷ್ಮಣಪ್ಪ ಆ ನಗುವನ್ನು ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಆಮೇಲೆ ತಲೆಯೆತ್ತಿ ಮತ್ತೊಮ್ಮೆ ಕೂಗಿದ. "ಹುಲ್ಲುಲ್ಲಿಗೋ..."

ಶಿವಾನಿ ಬೇವಿನ ಟೊಂಗೆಯನ್ನು ಆ ನೀರಿಗೇ ಅದ್ದಿ ಹೊಲಕ್ಕೆ ಚಿಮುಕಿಸಿದಳು. ಹನಿಗಳು ಬಿಸಿಲಿನಲ್ಲಿ ಮಿನುಗಿ ಬಿರುಕಿನೊಳಗೆ ಇಳಿದವು. ಅವಳು ಬಾಯಿ ತೆರೆದಳು.

"ಸಲಾಂಬ್ರಿಗೋ..."

ಒಡಕು ದನಿ, ನಡುವೆ ಎರಡು ಕಡೆ ಮುರಿಯಿತು. ಹೋದ ವರ್ಷದ್ದಕ್ಕಿಂತ ದಪ್ಪಗಾಗಿತ್ತು ಕೂಡ. ಒಂದು ಹೂವೂ ಉದುರಲಿಲ್ಲ. ಅವಳು ಕಾದು ನೋಡಿದಳು, ನಿಜವಾಗಿಯೂ ಉದುರಲಿಲ್ಲ.

ಓಗೊಟ್ಟದ್ದಾಯಿತು, ಆದರೂ ಅಜ್ಜ ಮುಂದೆ ಹೋಗುತ್ತಿಲ್ಲ. ಕೈಯಲ್ಲಿ ಚರಗದ ಹಿಡಿ ಹಾಗೇ ಇದೆ, ಹೆಗಲು ಅಲುಗುತ್ತಿದೆ. ತಿರುಗಿ ನೋಡುವಂತಿಲ್ಲ, ಕಣ್ಣು ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಕಡಬು, ಪಲ್ಯ.

"ನಡಿಯಜ್ಜಾ" ಎಂದಳು ಶಿವಾನಿ, ಬದುವಿನವರೆಗೂ ಕೇಳುವಂತೆ. "ಹೊಲಾ ಇನ್ನೂ ಭಾಳ ಐತಿ."