ಪಟ್ಟಿಯೊಳಗಿನ ಎಲಾಸ್ಟಿಕ್

"ಹಿಮ್ಮಡಿ ಮತ್ತೆ ಮೇಲೆದ್ದಿದೆಯಲ್ಲಮ್ಮಾ!" ಥೆರಪಿಸ್ಟ್ ಮೇಡಂ ಹುಡುಗಿಯ ಪಾದವನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೊತ್ತಿದರು. ಅದು ಬಗ್ಗಲಿಲ್ಲ. "ಆಪರೇಷನ್ ಮಾಡಿ ಹಿಮ್ಮಡಿಯ ಸ್ನಾಯು ಸಡಿಲ ಮಾಡಿದ್ದು ಯಾತಕ್ಕೆ? ಪಾದ ನೆಟ್ಟಗೆ ಹಿಡಿಯೋ ಈ ಸ್ಪ್ಲಿಂಟ್ ಬಿಗಿಯಾಗಿ ಕಟ್ಟಿ ಅಂತ ಬಡ್ಕೊಂಡಿದ್ದೆ. ಹೀಗೇ ಆದ್ರೆ ಮತ್ತೆ ಕುಯ್ಯಬೇಕಾಗುತ್ತೆ."

"ನೀವು ಗುರುತು ಹಾಕಿದ ಜಾಗಕ್ಕೇ ಅದರ ಪಟ್ಟಿ ಎಳೆದು ಕಟ್ತಿದೀನಿ ಮೇಡಂ, ದಿನಾ," ಎಂದಳು ತಾಯಿ.

"ಎಲ್ರೂ ಹಾಗೇ ಹೇಳ್ತಾರೆ."

ಬಾಗಿಲ ಬಳಿ ನಿಂತಿದ್ದ ಗಂಡ ನೆಲ ನೋಡಿದ. ಅವನು ಟೈಲರ್. ಬಟ್ಟೆ ಬಿಗಿಯಾಗಿ ಮೈ ಕಚ್ಚುತ್ತದೆ ಎಂದು ಒಬ್ಬ ಗಿರಾಕಿಯೂ ಅವನ ಅಂಗಡಿಗೆ ವಾಪಸ್ ಬಂದದ್ದಿಲ್ಲ. ಅಂಥವನ ಮಗಳ ಕಾಲನ್ನೇ ಪಟ್ಟಿ ಕಚ್ಚಿ ಕೆಂಪು ಮಾಡಿದರೆ? "ನೋಯುತ್ತಪ್ಪಾ," ಎಂದು ಅವಳು ಅತ್ತ ಮಧ್ಯಾಹ್ನ, ಹೆಂಡತಿ ಹೊರಗೆ ಹೋಗಿದ್ದಾಗ, ಪಟ್ಟಿಯ ಹೊಲಿಗೆ ಬಿಚ್ಚಿ ಒಳಗೊಂದು ತುಂಡು ಎಲಾಸ್ಟಿಕ್ ಸೇರಿಸಿ, ಯಾರ ಕಣ್ಣಿಗೂ ಬೀಳದಂತೆ ಹೊಲಿದುಬಿಟ್ಟಿದ್ದ. ಚೂರು ಸಡಿಲವಾದರೆ ಏನು ಮಹಾ! ಮಗಳ ಅಳು ನಿಂತಿತ್ತು. ತನ್ನ ಕೈಚಳಕಕ್ಕೆ ತಾನೇ ಬೀಗಿದ್ದ.

ಮೇಡಂ ಬೈಯುತ್ತಲೇ ಇದ್ದರು. ಹೆಂಡತಿ ಸ್ಪ್ಲಿಂಟ್ ಎತ್ತಿಕೊಂಡು ಪಟ್ಟಿ ಎಳೆದಳು. ಅದು ಜಗ್ಗಿತು. ಹೊಲಿಗೆಯ ಮೇಲೆ ಹೆಬ್ಬೆರಳಾಡಿಸಿದಳು. ಆ ಕೈಯ ಹೊಲಿಗೆ ಅವಳಿಗೆ ಗೊತ್ತಿಲ್ಲದ್ದೇ? ತಲೆಯೆತ್ತಿ ಗಂಡನನ್ನು ನೋಡಿದಳು.

"ನಂದೇ ತಪ್ಪು ಮೇಡಂ," ಎಂದಳು. "ಪಟ್ಟಿ ಸಡಿಲ ಆಗಿದೆ, ನಾನು ನೋಡ್ಕೊಂಡಿಲ್ಲ."

ಅವನಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೇಡಂ ಬೈಯುವಷ್ಟು ಹೊತ್ತೂ ಕಲ್ಲಿನ ಹಾಗೆ ನಿಂತಿದ್ದೆನಲ್ಲ ಎಂದು ನಾಚಿ, ಬಾಗಿಲು ಬಿಟ್ಟು ಮುಂದೆ ಬಂದ.

"ಅವಳಲ್ಲ ಮೇಡಂ. ಒಳಗೆ ಎಲಾಸ್ಟಿಕ್ ಹಾಕಿದ್ದು ನಾನು. ಅವಳಿಗೆ ಗೊತ್ತೇ ಇಲ್ಲ."

ಮೇಡಂ ಪಟ್ಟಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. "ಏನ್ರೀ, ಇದೇನು ಚಡ್ಡಿ ಸೊಂಟ ಅಂದ್ಕೊಂಡ್ರಾ? ಕೆಂಪಾಗಿದ್ರೆ ನನ್ನ ಹತ್ರ ಬರಬೇಕಿತ್ತು." ಆಮೇಲೆ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಇನ್ನೊಂದು ತಿಂಗಳು ನೋಡೋಣಮ್ಮ. ಬಗ್ಗಲಿಲ್ಲ ಅಂದ್ರೆ ಆಪರೇಷನ್ನೇ."

ಅಂಗಿಯ ಕಾಲರಿಗೆ ಸಿಕ್ಕಿಸಿದ್ದ ಸೂಜಿ ತೆಗೆದು, ವೆರಾಂಡದ ಬೆಂಚಿನ ಮೇಲೆ ಕೂತು ಅವನು ಎಲಾಸ್ಟಿಕ್ ಕಿತ್ತ. ಪಟ್ಟಿಯನ್ನು ಮೊದಲಿನಂತೆ ಹೊಲಿದ. ಈ ಸಲ ಹೊಲಿಗೆ ಸೊಟ್ಟಗೆ ಬಂತು. ಹೆಂಡತಿ ಮಗಳನ್ನು ಅವನೆದುರು ಕೂರಿಸಿದಳು.

"ನೀವೇ ಕಟ್ಟಿ."

ಅವನು ಮಂಡಿಯೂರಿ ಕೂತು ಪಟ್ಟಿ ಎಳೆದ. "ಸಾಕಪ್ಪಾ," ಎಂದು ಮಗಳು ಎರಡೂ ಕೈಯಲ್ಲಿ ಅವನ ಕೂದಲು ಹಿಡಿದಳು. ಗುರುತು ಇನ್ನೂ ಒಂದು ಬೆರಳು ದೂರವಿತ್ತು. ತಲೆಯೆತ್ತದೆ ಅವನು ಎಳೆದ.